ಎಕ್ಸ್‌ಪೈರ್ ಆಗುವುದು ಮಾತ್ರೆ ಮಾತ್ರವೇ?

"ಏನ್ರೀ ತಿಪ್ಪೇಶಪ್ಪ, ನಿಮ್ಮ ತಾಯಿ ಏನು ಕೆಮ್ಮಿನ ಸಿರಪ್ಪಾ, ಎಕ್ಸ್‌ಪೈರ್ ಆಗೋಕೆ?"

ಈ ಮಾತು ಆಡಿದವನು ನಾನೇ. ತುಂಬಿದ ಸ್ಟಾಫ್ ರೂಮಿನಲ್ಲಿ. ಅದೂ ತಾಯಿಯ ತಿಥಿ ಮುಗಿಸಿ ಅಂದೇ ಕೆಲಸಕ್ಕೆ ಬಂದವರ ಮುಂದೆ. ಬಾಯಿಗೆ ಅದು ಹೇಗೆ ಬಂತೋ! ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ.

ತಿಪ್ಪೇಶಪ್ಪ ಹೊನ್ನಾಳಿಯ ನಮ್ಮ ಹೈಸ್ಕೂಲಿನ ಅಟೆಂಡರ್. ಊರು ಜಗಳೂರು ಕಡೆಯ ಸೊಕ್ಕೆ. ರಜಾ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಿರಿ, ಅಭ್ಯಾಸ ಆಗಲಿ ಎಂದು ಅವರಿಗೆ ಗಂಟುಬಿದ್ದವನೂ ನಾನೇ. (ಇಂಗ್ಲಿಷ್ ಮೇಷ್ಟ್ರು ನೋಡಿ, ಜೊತೆಗೆ ಇನ್‌ಚಾರ್ಜ್ ಹೆಡ್‌ಮಾಸ್ಟರ್. ಎರಡು ಕೊಂಬು.) ಪಾಪ, ದುಂಡಗೆ ಬರೆದು ತಂದಿದ್ದರು: ಮೈ ಮದರ್ ಎಕ್ಸ್‌ಪೈರ್ಡ್.

ಕೈಯಲ್ಲಿ ಕೆಂಪು ಪೆನ್ನಿತ್ತು. ಆ ಪದದ ಕೆಳಗೆ ಗೆರೆ ಎಳೆದೆ. ಎಕ್ಸ್‌ಪೈರ್ ಆಗುವುದು ಮಾತ್ರೆ, ಲೈಸೆನ್ಸು, ಬಸ್ ಪಾಸು, ಮನುಷ್ಯರಲ್ಲ ಅಂತ ಪಾಠ ಬೇರೆ ಮಾಡಿದೆ. ಎಲ್ಲರೂ ನಕ್ಕರು. ತಿಪ್ಪೇಶಪ್ಪನೂ ನಕ್ಕರು.

"ತಪ್ಪಾತು ಸರ್, ಕೊಡ್ರಿ ಇಲ್ಲಿ" ಎಂದು ಅದನ್ನು ಹೊಡೆದುಹಾಕಿ, ಮೇಲೆ 'ಡೈಡ್' ಎಂದು ಬರೆದರು. ನಾನು ಸಹಿ ಹಾಕಿದೆ.

ಗಮನಿಸಿದಿರಾ? ಅವರ ತಾಯಿಯ ಸಾವಿನ ಬಗ್ಗೆ ನಾನಾಡಿದ್ದು ಅಷ್ಟೇ. ಏನಾಗಿತ್ತು ಅಂತಲೂ ಕೇಳಲಿಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಹೋದ ಭಾನುವಾರ ಈ ಅಂಕಣಕ್ಕೆ ಸರಕು ಬೇಕಿತ್ತು. ನಮ್ಮವರ ಇಂಗ್ಲಿಷ್ ಬಗ್ಗೆ ತಮಾಷೆಯಾಗಿ ಬರೆದು ನಿಮ್ಮನ್ನೂ ನಗಿಸೋಣ ಎಂದುಕೊಂಡೆ. ಎಕ್ಸ್‌ಪೈರ್‌ನಿಂದಲೇ ಶುರು ಮಾಡೋಣ ಅಂತ ಡಿಕ್ಷನರಿ ತೆಗೆದೆ.

ಮೂಲ ಲ್ಯಾಟಿನ್. 'ಎಕ್ಸ್' ಅಂದರೆ ಹೊರಗೆ, 'ಸ್ಪಿರಾರೆ' ಅಂದರೆ ಉಸಿರಾಡು. ಉಸಿರು ಹೊರಗೆ ಬಿಡುವುದು, ಕೊನೆಯುಸಿರು ಬಿಡುವುದು. ಇಂಗ್ಲಿಷಿನವರು ಈಗ ಸಾವಿಗೆ ಈ ಪದವನ್ನು ಅಷ್ಟಾಗಿ ಬಳಸುವುದಿಲ್ಲ, ನಿಜ. ಆದರೆ ತಪ್ಪೇನಲ್ಲ. ಮನುಷ್ಯರಿಗೆ ಹೇಳುತ್ತಿದ್ದ ಮಾತನ್ನೇ ಆಮೇಲೆ ಮಾತ್ರೆಯ ಡಬ್ಬಿಗೂ ಅಂಟಿಸಿದ್ದಾರೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಇದು ಗೊತ್ತಿರಲಿಲ್ಲ!

ಸೋಮವಾರ ಪ್ರೇಯರ್ ಮುಗಿದ ಮೇಲೆ ತಿಪ್ಪೇಶಪ್ಪನನ್ನು ಕರೆದೆ. "ನೀವು ಬರೆದದ್ದೇ ಸರಿ ಇತ್ತು ಕಣ್ರೀ. ಆ ಪದಕ್ಕೆ ಉಸಿರು ಹೊರಗೆ ಬಿಡೋದು ಅಂತ ಅರ್ಥ. ನನ್ನದೇ ತಪ್ಪು, ಕ್ಷಮಿಸಿ" ಎಂದೆ.

ಅವರು ಗಂಟೆಯ ಸುತ್ತಿಗೆಯನ್ನು ಕಿಟಕಿಯ ಕಟ್ಟೆ ಮೇಲಿಟ್ಟರು.

"ಹಂಗೇ ಆತಲ್ಲ ಸರ್. ಅವ್ವಂಗೆ ದಮ್ಮಿತ್ತು. ತೆಲಿ ನನ್ ತೊಡಿ ಮ್ಯಾಲೇ ಇತ್ತು. ಉಸಿರು ಬಿಟ್ಲು. ಈಗ ತಗಂತಾಳೆ, ಈಗ ತಗಂತಾಳೆ ಅಂತ ಕಾಯ್ಕಂತ ಕುಂತೆ. ತಗಳ್ಳಲೇ ಇಲ್ಲ. ನರ್ಸಮ್ಮ ಬಂದು ನೋಡಿ, ಎಕ್ಸ್‌ಪೈರ್ ಆಗ್ಯಾರೆ ಅಂದ್ರು. ಅದನ್ನೇ ಬರದಿದ್ದೆ."

ದಮ್ಮು! ಅಂಥವರಿಗೆ ನಾನು ಕೆಮ್ಮಿನ ಸಿರಪ್ ಅಂದಿದ್ದೆ.

"ಬಿಡ್ರಿ ಸರ್, ಇಂಗ್ಲಿಷು ನಿಮಗಿಂತ ಜಾಸ್ತಿ ನಮಗೆ ಗೊತ್ತಾಗಾಕೆ ಹೆಂಗೆ ಸಾಧ್ಯ?" ಎಂದು ನನಗೇ ಸಮಾಧಾನ ಹೇಳಿ, ಮೊದಲನೇ ಪೀರಿಯಡ್ಡಿನ ಗಂಟೆ ಹೊಡೆಯಲು ಹೋದರು.

ಆ ಅರ್ಜಿ ಇನ್ನೂ ಆಫೀಸಿನ ಫೈಲಿನಲ್ಲಿದೆ. ತೆಗೆದು ಮತ್ತೆ ಮತ್ತೆ ಓದಿದೆ.

ಇಡೀ ಹಾಳೆಯಲ್ಲಿ ಇರುವುದು ಒಂದೇ ತಪ್ಪು, ನಾನು ಎಳೆದ ಕೆಂಪು ಗೆರೆ.