ಓಡುಗಾಲಿನವರು

ನಮ್ಮ ಮನೆತನದ ಹೆಸರು ಓಡುಗಾಲು. ಹಿರಿಯರಲ್ಲಿ ಯಾರೋ ಅರಸರ ಓಲೆ ಹೊತ್ತು ಓಡುತ್ತಿದ್ದರಂತೆ, ಅದಕ್ಕೇ ಈ ಹೆಸರು ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಹಾಲಿನ ಡೈರಿಯ ಮಿಷನ್ ರಿಪೇರಿಗೆಂದು ಹೊಣಕೆರೆಗೆ ಹೋಗಿದ್ದೆ. ಕೆಲಸ ಮುಗಿದರೂ ಮನೆಗೆ ಹೋಗಲು ಮನಸ್ಸಿರಲಿಲ್ಲ. ಗಂಡನ ಮನೆ ಬಿಟ್ಟು ಬಂದಿದ್ದ ತಂಗಿಯನ್ನು ವಾಪಸ್ ಕಳಿಸಬೇಕೆಂದು ಅಪ್ಪ ಹಟ ಹಿಡಿದಿದ್ದರು. ಹೊಣಕೆರೆಯಲ್ಲೇ ಇದ್ದ ನಮ್ಮ ದಾಯಾದಿ ಅಜ್ಜಿಯೊಬ್ಬರ ಮನೆಗೆ ಹೋಗಿ ಕೂತೆ. ಮಾತಿಗೆ ಮಾತು ಬಂದು ಓಲೆಯ ಕಥೆ ಹೇಳಿದೆ.

ಅಜ್ಜಿ ನಕ್ಕರು. "ಯಾವ ಓಲೆ ಕಣ್ಲಾ! ಓಡಿದ್ದು ಎಂಗ್ಸು. ಗಂಡನ ಏಟು ತಡೀನಾರ್ದೆ ಮಗೀನ ಎತ್ಕಂಡು ಅಕ್ಕಿಹೆಬ್ಬಾಳಿಂದ ಇಲ್ಲಿಗೆ ಓಡ್ಬಂದ್ಲು. ಎರಡು ಸಲ ಬಂದು ಎಳ್ಕಂಡೋದ್ರು. ಮೂರ್ನೇ ಸಲ ಬಂದೋಳು ಇಲ್ಲೇ ನಿಂತ್ಬುಟ್ಲು. ನಾವೆಲ್ಲ ಆ ಮಗೀನ ವಂಸ."

ನನಗೆ ಅಲ್ಲಿ ಕೂರಲಾಗಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿ ಪಾಂಡವಪುರದ ನಮ್ಮ ಮನೆಗೆ ಬಂದು ಎಲ್ಲರ ಮುಂದೆ ಅದನ್ನೇ ಹೇಳಿದೆ. ಅಪ್ಪ ತಂಗಿಯ ಮುಖ ನೋಡದೆ, "ಇರ್ಲಿ ಬುಡು, ಇಲ್ಲೇ ಇರ್ಲಿ" ಎಂದರು.

ತಂಗಿಗೆ ಈಗ ಶ್ರೀರಂಗಪಟ್ಟಣದ ಬಟ್ಟೆ ಅಂಗಡಿಯಲ್ಲಿ ಕೆಲಸ. ಓಡುಗಾಲಿನ ಮನೆತನದವಳಾದರೂ, ಬೆಳಗಿನ ಬಸ್ಸನ್ನು ಮಾತ್ರ ಒಂದು ದಿನವೂ ಓಡಿ ಹಿಡಿದವಳಲ್ಲ.