ಪಂಚೆ ಉಡುವವರಿಗೆ ಜೇಬಿನ ರಿವಾಲ್ವರ್

ನಿಲ್ಲಿ, ಈ ಪೋಸ್ಟನ್ನು ಬೆರಳಿಂದ ಮುಂದಕ್ಕೆ ಸರಿಸಿಬಿಡಬೇಡಿ. ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೆ ಯಾವ ಗನ್ ಒಳ್ಳೆಯದು ಎಂದು ನನ್ನನ್ನು ಕೇಳುವವರು ಬಹಳ ಜನ. ಉತ್ತರ ಇಲ್ಲೇ ಇದೆ, ಬರುತ್ತದೆ. ಆದರೆ ಬಸವರಾಜು ಅವರ ವಿಷಯ ಹೇಳದೆ ಆ ಉತ್ತರ ಕೊಡಲು ನನಗೆ ಈಗ ಮನಸ್ಸು ಬರುವುದಿಲ್ಲ. ಅಲ್ಲಿಯವರೆಗೆ ಸ್ವಲ್ಪ ತಾಳಿ.

2023ರ ಬೇಸಿಗೆ. ಚೆನ್ನೈನ ಮೌಂಟ್ ರೋಡಿನ ಹಿಂದಿನ ಬೀದಿಯಲ್ಲಿರುವ ಒಂದು ಲೈಸೆನ್ಸ್ ಪಡೆದ ಬಂದೂಕಿನ ಅಂಗಡಿಯಲ್ಲಿ ನಾನು ಕೌಂಟರ್ ಸೇಲ್ಸ್‌ಮನ್. ಆಗ ನನಗೆ ಇಪ್ಪತ್ತಾರು. ಅಪ್ಪ ರೈಲ್ವೆ ನೌಕರಿಗೆ ಹಾಸನದಿಂದ ಚೆನ್ನೈನ ಪೆರಂಬೂರಿಗೆ ಬಂದವರು. ನಾನು ಓದಿದ್ದು ಬಿ.ಕಾಂ. ಗನ್ನಿನ ವಿಷಯ ಯಾರೂ ಪಾಠ ಮಾಡಲಿಲ್ಲ. ವಿಡಿಯೊ ನೋಡಿ, ಕಂಪನಿಯವರು ಕೊಡುವ ಕೈಪಿಡಿ ಓದಿ, ಅಂಗಡಿಯಲ್ಲಿ ಬಿಚ್ಚಿ ಜೋಡಿಸಿ ಕಲಿತದ್ದು. ಅದರಲ್ಲೂ ಪಾಕೆಟ್ ಕ್ಯಾರಿ, ಅಂದರೆ ಜೇಬಿನಲ್ಲಿ ಯಾರಿಗೂ ಕಾಣದಂತೆ ಗನ್ ಇಟ್ಟುಕೊಂಡು ಓಡಾಡುವುದು, ನನ್ನ ಹುಚ್ಚು. ಅಮೆರಿಕದವರ ವಿಡಿಯೊ ಎಷ್ಟು ನೋಡಿದ್ದೆನೋ ಲೆಕ್ಕವಿಲ್ಲ. ಅವರೆಲ್ಲ ಜೀನ್ಸ್ ಹಾಕುತ್ತಾರೆ ಎನ್ನುವುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ಮೇ ತಿಂಗಳ ಕತ್ತಿರಿ ಬಿಸಿಲಿನ ಒಂದು ಮಧ್ಯಾಹ್ನ ನಾನು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಾಗ ಒಬ್ಬರು ಒಳಗೆ ಬಂದರು. ಅರವತ್ತರ ಆಸುಪಾಸು. ತೆಳು ಬಿಳಿ ಶರ್ಟು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ.

"ಏನಪ್ಪಾ, ಕನ್ನಡದೋನಾ?"

"ಹೂಂ ಸಾರ್. ಹಾಸನ."

"ನಮ್ದು ನಂಜನಗೂಡು. ಇನ್ಶೂರೆನ್ಸ್ ಆಫೀಸ್ ಕೆಲ್ಸ ಅಂತ ಬಂದು ಮೂವತ್ತೆಂಟು ವರ್ಷ ಆಗೋಯ್ತು. ಕನ್ನಡ ಅರ್ಧ ತಮಿಳಾಗ್ಬಿಟ್ಟಿದೆ, ನಗಬ್ಯಾಡ." ಬಸವರಾಜು ಎಂಬ ಹೆಸರಿದ್ದ ಲೈಸೆನ್ಸನ್ನು ಕೌಂಟರ್ ಮೇಲಿಟ್ಟರು. "ಜೋಬಿಗೆ ಹಿಡಿಸೋ ಅಂಥದ್ದೊಂದು ಕೊಡು. ನನ್ನ ಹೆಂಡ್ತಿಗೂ ಕಾಣ್ಬಾರ್ದು."

ನಾನು ಅವರನ್ನು ಮೇಲಿಂದ ಕೆಳಗೆ ನೋಡಿದೆ. ಶರ್ಟಿನ ಜೇಬಿನಲ್ಲಿದ್ದ ಬಸ್ ಟಿಕೆಟ್ಟಿನ ನಂಬರ್ ಹೊರಗಿನಿಂದಲೇ ಓದುವಂತಿತ್ತು.

"ಯಾವ ಜೇಬಿಗೆ ಸಾರ್?"

"ಅದೇ ನಾನೂ ಯೋಚ್ನೆ ಮಾಡ್ತಿದೀನಿ," ಎಂದು ನಕ್ಕರು. ಆಮೇಲೆ ಕೂತು ವಿಷಯ ಹೇಳಿದರು.

ಅವರ ಮನೆ ವೇಲಚೇರಿಯಲ್ಲಿ. ಅಲ್ಲಿಯ ಮಳೆನೀರಿನ ಕಾಲುವೆಯ ಮೇಲೆ ಯಾರೋ ಗೋಡೌನ್ ಕಟ್ಟಿ, ಪ್ರತಿ ಮಳೆಗೂ ನೀರು ಫ್ಲಾಟುಗಳಿಗೆ ನುಗ್ಗುತ್ತಿತ್ತು. ಎದುರು ಫ್ಲಾಟಿನ ಸೆಲ್ವಂ ಅದರ ಮೇಲೆ ದೂರು ಕೊಟ್ಟರು, ಬಿಡದೆ ಓಡಾಡಿದರು. ಹಿಂದಿನ ವರ್ಷ ಮಾರ್ಚಿನ ಒಂದು ಬೆಳಿಗ್ಗೆ ಇಬ್ಬರೂ ವಾಕಿಂಗ್ ಹೋಗುತ್ತಿದ್ದಾಗ ಬೈಕಿನಲ್ಲಿ ಬಂದ ಮೂವರು ಸೆಲ್ವಂ ಅವರನ್ನು ಕಡಿದು ಹಾಕಿದರು. ಮುಖ ಮುಚ್ಚಿಕೊಂಡಿರಲಿಲ್ಲ. ಹತ್ತಿರದಿಂದ ನೋಡಿದವರು ಬಸವರಾಜು ಒಬ್ಬರೇ. ಕೇಸಿಗೆ ಕಣ್ಣಾರೆ ಕಂಡ ಸಾಕ್ಷಿ ಎಂದರೆ ಅವರೇ. ಮನೆಗೆ ಫೋನ್ ಬರತೊಡಗಿದ ಮೇಲೆ ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಮುಗಿಸಿ, ರೈಫಲ್ ಕ್ಲಬ್ಬಿನಲ್ಲಿ ತರಬೇತಿ ಪಡೆದು ಲೈಸೆನ್ಸ್ ತಂದಿದ್ದರು.

"ಕೋರ್ಟಲ್ಲಿ ನಿಂತು ಅವರ್ನ ತೋರಿಸೋವರ್ಗೂ ನಾನು ಬದುಕಿರ್ಬೇಕು ಮರಿ. ಅಷ್ಟೇ ನಂಗೆ ಬೇಕಾಗಿರೋದು. ಸೆಲ್ವಂ ಹೆಂಡ್ತಿಗೆ ಮಾತು ಕೊಟ್ಟಿದೀನಿ."

ನಾನು ಕಲಿತ ವಿದ್ಯೆಗೆ ಕೊನೆಗೂ ನಿಜವಾದ ಕೆಲಸ ಬಂತು ಎಂದುಕೊಂಡೆ.

ಮೂರು ಗನ್ ತೆಗೆದಿಟ್ಟೆ. ಮೊದಲನೆಯದು .32 ಪಿಸ್ತೂಲು, ಚಪ್ಪಟೆ, ಜೇಬಿನಲ್ಲಿ ಉಬ್ಬುವುದಿಲ್ಲ. ಆದರೆ ಪಿಸ್ತೂಲಿನ ಮೇಲ್ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆ ಎಳೆದರೇ ಮೊದಲ ಗುಂಡು ಒಳಗೆ ಕೂರುವುದು. ಅವರ ಬೆರಳು ಜಾರಿತು, ಮತ್ತೆ ಜಾರಿತು. ಎರಡನೆಯದು .22 ರಿವಾಲ್ವರ್, ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ, ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಹಿಡಿ ಎಷ್ಟು ಚಿಕ್ಕದೆಂದರೆ ಬೆವರಿದ ಕೈಯಲ್ಲಿ ನಿಲ್ಲಲಿಲ್ಲ. ಮೂರನೆಯದು ಅರ್ಧ ಕಿಲೋ ತೂಗುವ .32 ರಿವಾಲ್ವರ್. ಆರು ಗುಂಡು. ಎಳೆಯುವ ಸ್ಲೈಡ್ ಇಲ್ಲ, ಟ್ರಿಗರ್ ಬಿಗಿ. ಆ ಬಿಗಿಯೇ ಜೇಬಿನಲ್ಲಿ ರಕ್ಷಣೆ, ಸುಮ್ಮನೆ ತಾಗಿದರೆ ಹಾರುವುದಿಲ್ಲ. ಆದರೂ ಟ್ರಿಗರ್ ಪೂರ್ತಿ ಮುಚ್ಚುವ ಹೋಲ್ಸ್ಟರ್, ಅಂದರೆ ಗನ್ನಿನ ಒರೆ, ಬೇಕೇ ಬೇಕು, ಮತ್ತು ಆ ಜೇಬಿನಲ್ಲಿ ಬೇರೇನೂ ಇರಬಾರದು. ಬೀಗದ ಕೈ, ಚಿಲ್ಲರೆ, ಯಾವುದೂ.

"ನಶ್ಯದ ಡಬ್ಬಿ?"

"ಅದೂ ಆಗಲ್ಲ ಸಾರ್."

"ಹಂಗಾದ್ರೆ ಇದು ಕಷ್ಟದ ಕೆಲ್ಸಾನೇ."

ಜೇಬಿನ ಪ್ರಶ್ನೆ ಬಗೆಹರಿಸಿದ್ದು ನಮ್ಮ ಮುದಲಾಳಿ, ಅಂಗಡಿಯ ಯಜಮಾನರು. ಎಪ್ಪತ್ತು ದಾಟಿದ ತಮಿಳರು. ಪೇಪರಿನಿಂದ ತಲೆ ಎತ್ತದೆಯೇ "ಪಟ್ಟಾಪಟ್ಟಿ" ಎಂದರು. ಪಂಚೆಯೊಳಗೆ ಹಾಕುವ ಮೊಣಕಾಲುದ್ದದ ಪಟ್ಟೆಪಟ್ಟೆ ಚಡ್ಡಿ. ಅದಕ್ಕೆ ದೊಡ್ಡ ಜೇಬು ಇದ್ದೇ ಇರುತ್ತದೆ, ಈ ಊರಿನ ಅರ್ಧ ವ್ಯಾಪಾರ ಅದರಲ್ಲೇ ನಡೆಯುತ್ತದೆ. ಅದನ್ನು ನಾನು ಯಾವ ವಿಡಿಯೊದಲ್ಲೂ ನೋಡಿರಲಿಲ್ಲ.

ಟಿ. ನಗರದ ಒಬ್ಬ ಟೈಲರ್ ಹತ್ತಿರ ಜೇಬಿಗೆ ಕ್ಯಾನ್ವಾಸ್ ಒಳಪದರ ಹೊಲಿಸಿದೆವು. ಆಮೇಲೆ ಅಂಗಡಿಯ ಹಿಂಭಾಗದಲ್ಲಿ ಖಾಲಿ ಗನ್ನಿನಿಂದ ಅಭ್ಯಾಸ. ಮೊದಲ ದಿನ ಅವರು ಪಂಚೆಯನ್ನು ಮೊಣಕಾಲಿಂದ ಎತ್ತಿ, ಮಡಿಸಿ, ಆಮೇಲೆ ಕೈ ಹಾಕಿದರು.

"ಸಾರ್, ನೀವು ಪಂಚೆ ಎತ್ತೋಷ್ಟರಲ್ಲಿ ಅವ್ನು ತಾಂಬರಂಗೆ ಹೋಗಿ ಟೀ ಕುಡಿದು ಬಂದಿರ್ತಾನೆ."

"ಲೇ, ಮಾನ ಮರ್ಯಾದೆ ಬ್ಯಾಡ್ವಾ? ನಡುಬೀದೀಲಿ ಹೆಂಗೋ ಎತ್ತೋದು?"

ಕಡೆಗೆ ಪಂಚೆಯ ಅಂಚು ಬಲ ಸೊಂಟದ ಮೇಲೆ ಬರುವಂತೆ ಸುತ್ತಿಸಿದೆ. ಎರಡು ಪದರದ ಸಂದಿನಲ್ಲಿ ಕೈ ನೇರವಾಗಿ ಜೇಬಿಗೆ ಇಳಿಯುತ್ತಿತ್ತು. ಕೂತು, ನಿಂತು, ಆಟೋದಲ್ಲಿರುವಂತೆ ಸ್ಟೂಲಿನ ಮೇಲೆ ಒತ್ತರಿಸಿಕೊಂಡು, ಎಲ್ಲ ರೀತಿ ಮಾಡಿದರು. ಕೆಲವೇ ವಾರಗಳಲ್ಲಿ ಅವರ ಕೈ ನನ್ನ ಕೈಗಿಂತ ಚುರುಕಾಯಿತು. ಬೆವರಿಗೆ ತುಕ್ಕು ಹಿಡಿಯದಂತೆ ದಿನವೂ ಒರೆಸಿ ಎಣ್ಣೆ ಹಾಕುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಹೊಂದಿಸಿಕೊಟ್ಟ ಗನ್ ಇನ್ನೊಂದಿಲ್ಲ.

ವಿಚಾರಣೆ ಶುರುವಾಯಿತು. ಕೋರ್ಟಿನೊಳಗೆ ಗನ್ ಬಿಡುವುದಿಲ್ಲ. ಲೈಸೆನ್ಸ್ ಇದ್ದವರು ನಮ್ಮಂಥ ಅಂಗಡಿಯಲ್ಲಿ ಜೋಪಾನಕ್ಕೆ ಇಟ್ಟು ಹೋಗಬಹುದು. ಹಾಗಾಗಿ ವಾಯಿದೆ ಇದ್ದ ದಿನವೆಲ್ಲ ಬೆಳಿಗ್ಗೆ ಬಂದು ರಿವಾಲ್ವರ್ ಕೊಟ್ಟು, ಸಂಜೆ ವಾಪಸ್ ಪಡೆದು ಮನೆಗೆ ಹೋಗುತ್ತಿದ್ದರು. ಒಮ್ಮೆ ಜಡ್ಜ್ ರಜೆ, ಒಮ್ಮೆ ವಕೀಲರು ಬರಲಿಲ್ಲ. ಅವರು ಯಾರಿಗೆ ಹೆದರಿ ಗನ್ ಕೊಂಡರೋ ಆ ಮೂವರು ಜಾಮೀನಿನ ಮೇಲೆ ಹೊರಗಿದ್ದರು. ಕೋರ್ಟಿನ ಅದೇ ವರಾಂಡದಲ್ಲಿ, ಗನ್ ಇಲ್ಲದ ದಿನವೇ, ಎದುರಾಗುತ್ತಿದ್ದರು.

ಒಂದು ಸಂಜೆ ಬಂದವರು ಗನ್ ಕೇಳಲಿಲ್ಲ. ನೀರು ಕೇಳಿದರು.

"ಏನಾಯ್ತು ಸಾರ್? ಹೊಡೆಯಕ್ಕೆ ಬಂದ್ರಾ?"

"ಬಂದಿದ್ರೆ ಚೆನ್ನಾಗಿರ್ತಿತ್ತು ಕಣೋ. ಆ ಮೂವರಲ್ಲಿ ಒಬ್ಬ ಬೆಂಚಲ್ಲಿ ಜಾಗ ಬಿಟ್ಕೊಟ್ಟ. 'ಉಕ್ಕಾರುಂಗ ಅಯ್ಯಾ, ಕೂತ್ಕೊಳಿ, ಕಾಲು ನೋಯುತ್ತೆ' ಅಂದ. ಆಮೇಲೆ 'ಪಾಪಾ ಯುಕೆಜಿಗೆ ಹೋದ್ಲಂತೆ, ಹಳದಿ ವ್ಯಾನಲ್ಲಿ ಮುಂದ್ಗಡೆ ಸೀಟಂತೆ, ಒಳ್ಳೇದು' ಅಂದ. ಅಷ್ಟೇ. ನಗ್ತಾನೇ ಅಂದ."

ಪಾಪಾ ಎಂದರೆ ಅವರ ಮೊಮ್ಮಗಳು. ನಾನು ಪೊಲೀಸರಿಗೆ ಹೇಳಿ ಎಂದೆ. "ಏನಂತ ಹೇಳ್ಲಿ? ಮಗು ಸ್ಕೂಲಿಗೆ ಹೋಯ್ತಾ ಅಂತ ಕೇಳ್ದ ಅಂತನಾ?" ಎಂದರು. ಆದರೂ ಹೋಗಿ ಹೇಳಿದರು. ಬರೆದುಕೊಂಡರಂತೆ.

ಮುಂದಿನ ವಾಯಿದೆಯ ಬೆಳಿಗ್ಗೆ ರಿವಾಲ್ವರ್ ಕೌಂಟರ್ ಮೇಲಿಟ್ಟು, ಶೋಕೇಸಿನ ಗಾಜಿನ ಮೇಲೆ ಬೆರಳಾಡಿಸುತ್ತ ನಿಂತರು.

"ಇದಕ್ಕಿಂತ ಚಿಕ್ಕದು ಏನಾರ ಬಂದಿದ್ಯಾ? ಪಾಪಾ ಲಂಚ್ ಬ್ಯಾಗಲ್ಲಿ ಹಿಡಿಸೋ ಅಂಥದ್ದು?"

ತಮಾಷೆಗೆ ಕೇಳಿದರು ಎಂದುಕೊಂಡು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಮುದಲಾಳಿ ಪೇಪರ್ ಮಡಿಸಿಟ್ಟರು. ನನ್ನ ಹತ್ತಿರ ಎಲ್ಲ ಗನ್ನಿನ ತೂಕ, ಉದ್ದ, ಗುಂಡಿನ ವೇಗ ಬಾಯಿಪಾಠವಿತ್ತು. ರಿವಾಲ್ವರ್ ತೆಗೆದು ಲಾಕರಿನಲ್ಲಿಟ್ಟು ರಸೀದಿ ಬರೆದೆ.

ಅವತ್ತೇ ಅವರ ಸಾಕ್ಷಿ. ಊಟದ ಹೊತ್ತಿಗೆಲ್ಲ ವಾಪಸ್ ಬಂದರು.

"ಮುಗೀತು."

"ಏನಂದ್ರಿ ಸಾರ್?"

"ಮಂಜು ಇತ್ತು, ಮುಖ ಸರಿಯಾಗಿ ಕಾಣ್ಲಿಲ್ಲ ಅಂದೆ." ವೇಲಚೇರಿಯ ಮಾರ್ಚ್ ತಿಂಗಳ ಬೆಳಗಿನಲ್ಲಿ ಮಂಜು! "ಸರ್ಕಾರಿ ವಕೀಲ ಎರಡು ಸಲ ಕೇಳ್ದ. ಎರಡು ಸಲಾನೂ ಅಂದೆ."

"ಸೆಲ್ವಂ ಅವ್ರ ಮನೆಯವ್ರು?"

"ಮುಂದಿನ ಬೆಂಚಲ್ಲೇ ಕೂತಿದ್ಲು. ಹೊರಗಡೆ ಬಂದು ನಿಂತ್ಲು. ಉಗೀತಾಳೆ ಅನ್ಕೊಂಡೆ. 'ಅಣ್ಣಾ, ಸಾಪ್ಟೀಂಗಳಾ' ಅಂದ್ಲು. ಊಟ ಆಯ್ತಾ ಅಂತ ಕೇಳ್ತಾಳಲ್ಲೋ ಅವ್ಳು, ನನ್ನ!"

ನಾನು ಲಾಕರಿನಿಂದ ರಿವಾಲ್ವರ್ ತಂದಿಟ್ಟೆ. ಮುಟ್ಟಲಿಲ್ಲ. "ಯಾರಿಗಾರ ಮಾರಿಬಿಡಪ್ಪ. ನಂಗಿನ್ನ ಯಾರೂ ಏನೂ ಮಾಡಲ್ಲ," ಎಂದರು. ಹೊರಗೆ ಹೋಗುವಾಗ ಅಭ್ಯಾಸಬಲದಿಂದ ಅವರ ಬಲಗೈ ಪಂಚೆಯ ಅಂಚನ್ನು ಸವರಿತು.

ಆ ಮೂವರೂ ಬಿಡುಗಡೆಯಾದರು. ಗೋಡೌನ್ ಅಲ್ಲೇ ಇದೆ, ಆ ವರ್ಷದ ಡಿಸೆಂಬರ್ ಮಳೆಗೆ ನೀರೂ ಅಲ್ಲೇ ನಿಂತಿತು.

ನಾನು ಇನ್ನೂ ಅದೇ ಕೌಂಟರಿನಲ್ಲಿದ್ದೇನೆ. ಜೇಬಿಗೆ ಯಾವುದು ಎಂದು ಯಾರಾದರೂ ಕೇಳಿದರೆ ಉತ್ತರ ಅದೇ: ಹಗುರ .32 ರಿವಾಲ್ವರ್, ಟ್ರಿಗರ್ ಮುಚ್ಚುವ ಹೋಲ್ಸ್ಟರ್, ಬೇರೇನೂ ಇಲ್ಲದ ಜೇಬು. ಆದರೆ ಮೊದಲು ಅವರ ಅಂಗೈ ಅಳೆಯುತ್ತಿದ್ದವನು ಈಗ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಹಿಂದೆ ಬಿದ್ದವರು ನಿಮ್ಮನ್ನು ಬಿಟ್ಟು ಇನ್ಯಾರನ್ನು ಮುಟ್ಟಿದರೆ ನೀವು ಸೋಲುತ್ತೀರಿ? ಬಹಳ ಜನ ಥಟ್ಟನೆ ಒಂದು ಹೆಸರು ಹೇಳಿಬಿಡುತ್ತಾರೆ. ಗನ್ ಅದನ್ನು ಹೊತ್ತವನ ಸುತ್ತಲಿನ ನಾಲ್ಕಡಿ ಜಾಗವನ್ನು ಮಾತ್ರ ಕಾಯುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಮತ್ತು ಅದರಿಂದ ಯಾರಿಗೂ ಏನೂ ಉಪಯೋಗವಾಗಿಲ್ಲ.

ಇದನ್ನು ಓದಿದವರಲ್ಲಿ ಯಾರಾದರೂ ಇಂಥ ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿದ್ದೀರಾ? ಗನ್ ಇಟ್ಟುಕೊಂಡೋ ಇಲ್ಲದೆಯೋ, ಹೇಗೆ ಹೋದಿರಿ, ಏನು ಹೇಳಿ ಬಂದಿರಿ, ಕೆಳಗೆ ಬರೆಯಿರಿ. ಕಂಡದ್ದನ್ನು ಕಂಡ ಹಾಗೆ ಹೇಳಿ, ಮನೆಯವರೆಲ್ಲ ಸುಖವಾಗಿದ್ದಾರೆ ಎನ್ನುವವರು ಇದ್ದರೆ ದಯವಿಟ್ಟು ಮೊದಲು ನೀವು ಬರೆಯಿರಿ. ನನ್ನ ಕೌಂಟರಿಗೆ ಅಂಥವರು ಇನ್ನೂ ಒಬ್ಬರೂ ಬಂದಿಲ್ಲ.