ಭಜನೆ ತುಂಡಾದದ್ದು ನನ್ನಿಂದ

ನಮ್ಮ ಮಂದಿರದಲ್ಲಿ ಆ ವರ್ಷ ಭಜನೆ ತುಂಡಾದದ್ದು ಹುಡುಗರಿಂದಲ್ಲ, ನನ್ನಿಂದ. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ನಾನು ಹೇಳಿದ ಸುಳ್ಳು — ಕೇರಿಯವರೆಲ್ಲರ ಎದುರು, ದೀಪದ ಎದುರು, ನನ್ನ ಸ್ವಂತ ತಮ್ಮನ ಮುಖ ನೋಡಿಕೊಂಡು.

ನಾನು ಐದನೇ ಕ್ಲಾಸು ಓದಿದವಳು. ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿ ಹಾಲಾಡಿ ಪೇಟೆಯವರೆಗೂ ಹೋಗಿ ಮಾರಿದವಳು. ಮಾತಾಡಲು ಬರುತ್ತದೆ, ಬರೆದು ಅಭ್ಯಾಸವಿಲ್ಲ. ಮಂದಿರದವರು ತರುವ ಪುಸ್ತಕಕ್ಕೆ ಹಳಬರೆಲ್ಲ ಒಂದೊಂದು ನೆನಪು ಬರೆದುಕೊಡಬೇಕಂತೆ. ಒಳ್ಳೆಯ ನೆನಪೊಂದನ್ನು ಬರೆಯೋಣವೆಂದು ಕೂತೆ. ಆಗಲಿಲ್ಲ — ಎಲ್ಲಿಂದ ಶುರು ಮಾಡಿದರೂ ಆ ಮಧ್ಯಾಹ್ನಕ್ಕೇ ಬಂದು ನಿಲ್ಲುತ್ತೇನೆ.

ಊರಿಗೆ ಮೊಬೈಲ್ ಬರುವ ಮೊದಲಿನ ಮಾತು. ಬೈಂದೂರು ಕಡೆಯ ನಮ್ಮ ಕಡಲ ಕೇರಿಯಲ್ಲಿ ಶನಿವಾರದ ಭಜನೆಗೆ ಆಗಲೇ ಜನ ಕಡಿಮೆಯಾಗಿತ್ತು. ಹುಡುಗರು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಹಾಡು ಎತ್ತಿ ಹೇಳಿಕೊಡುವವರು ನಮ್ಮನೆಯವರು. ಎಷ್ಟೋ ವರ್ಷದಿಂದ ಅವರೇ. ಒಂದು ಸಭೆಯಲ್ಲಿ ನನ್ನ ತಮ್ಮ ರಾಘು ಎದ್ದು ನಿಂತ.

"ಚಾಪೆ ಹಾಸುಕೆ, ನೀರ್ ಕೊಡುಕೆ ಮಾತ್ರ ಕರದ್ರೆ ಯಾರ್ ಬತ್ರ್? ಒಂದ್ಸಲ ತಾಳ ಕೈಗೆ ಕೊಡಿ, ಕಾಂಬ."

ಮಂದಿರದ ಹಿರಿಯರಾದ ಗುರಿಕಾರರು ನಕ್ಕರು. "ತಾಳ ಮರಾಯ ಅದ್, ಕ್ರಿಕೆಟ್ ಬ್ಯಾಟ್ ಅಲ್ಲ!"

ಎಲ್ಲರೂ ನಕ್ಕರು. ಆಗ ರಾಘುವಿನ ಪರ ಮಾತಾಡಿದವರು ನಮ್ಮನೆಯವರೇ. "ಕೊಡುವ. ನಾವೆಲ್ಲ ಎಂತ ಹೊಟ್ಟಿಯೊಳಗೇ ಕಲ್ತ್ ಬಂದದ್ದಾ?"

ಇದನ್ನು ಮೊದಲೇ ಬರೆದಿಡುತ್ತೇನೆ. ಮುಂದೆ ಆದದ್ದರಲ್ಲಿ ಅವರ ಪಾಲು ಏನೂ ಇಲ್ಲ.

ರಾಘು ದೋಣಿಯಿಂದ ಇಳಿದವನೇ ಉಪ್ಪುಮೈಯಲ್ಲೇ ಮಂದಿರಕ್ಕೆ ಹೋಗಿ ಹುಡುಗರನ್ನು ಕೂರಿಸಿಕೊಳ್ಳುತ್ತಿದ್ದ. ಕಟ್ಟೆ ಖಾಲಿಯಾಯಿತು. ಸತೀಶ ಎನ್ನುವ ಹುಡುಗನಂತೂ ಅವನ ನೆರಳಿನ ಹಾಗೆ. ಆ ವರ್ಷದ ಅರ್ಧ ಏಕಾಹ ಭಜನೆಯಲ್ಲಿ ಒಂದು ಪಾಳಿ ಹುಡುಗರಿಗೇ ಎಂದು ತೀರ್ಮಾನವಾಯಿತು.

ಅರ್ಧ ಏಕಾಹವೆಂದರೆ ಸೂರ್ಯ ಹುಟ್ಟಿದಲ್ಲಿಂದ ಮುಳುಗುವವರೆಗೆ ದೀಪದ ಸುತ್ತ ಹಾಡು ನಿಲ್ಲಬಾರದು. ಒಂದು ತಂಡ ಹಾಡುತ್ತಿರುವಾಗಲೇ ಇನ್ನೊಂದು ತಂಡ ಬಂದು ದನಿ ಸೇರಿಸಿ, ಕೈಯಿಂದ ಕೈಗೆ ತಾಳ ತೆಗೆದುಕೊಳ್ಳಬೇಕು. ಕಡಲಿಗೆ ಹೋಗುವವರ ಕೇರಿ ನಮ್ಮದು. ದೀಪದ ಎದುರು ಹಾಡು ನಿಂತರೆ ಬರೀ ಹಾಡು ನಿಂತಿತು ಎಂದು ಯಾರೂ ತಿಳಿಯುವುದಿಲ್ಲ, ಕಡಲಿಗೆ ಹೋದವರಿಗೆ ಕೇಡೆಂದೇ ಹೆದರುತ್ತಾರೆ.

ನಮ್ಮನೆಯವರು ರಾಘುವಿಗೆ ಹೇಳಿದ್ದು ಇಷ್ಟು: "ನಿಮ್ಗ್ ಸಾಕಾಯ್ತ್ ಅಂಬಾಗ ಹೇಳಿ ಕಳ್ಸಿ, ಬತ್ತೊ. ಅಲ್ಲಿವರೆಗೆ ನಿಮ್ಮ್ ತಲಿ ಮೇಲೆ ಬಂದ್ ನಿಲ್ಲುದಿಲ್ಲ."

ಹುಡುಗರು ಎಷ್ಟು ಚೆನ್ನಾಗಿ ಹಾಡಿದರು! ಮೈಕಿನಲ್ಲಿ ಕೇರಿಗೆಲ್ಲ ಕೇಳುತ್ತಿತ್ತು. ನಾನು ಮಂದಿರದ ಹಿಂದಿನ ಚಪ್ಪರದಲ್ಲಿ ಬಡಿಸುತ್ತಿದ್ದೆ. ಊಟಕ್ಕೆ ಕೂತವರೊಬ್ಬರು ನಮ್ಮನೆಯವರಿಗೆ ಕೂಗಿ ಹೇಳಿದರು — "ಹ್ವಾಯ್, ನಿಮ್ದ್ ಪೆನ್ಶನ್ ಆಯ್ತ್ ಕಾಣಿ ಇನ್ನ್!" ನಮ್ಮನೆಯವರೂ ನಕ್ಕರು. ಆದರೆ ಅನ್ನ ಕಲಸುತ್ತಿದ್ದ ಕೈ ನಿಂತದ್ದನ್ನು ನಾನು ನೋಡಿದೆ. ಅಷ್ಟೇ. ಅಷ್ಟಕ್ಕೇ ನನ್ನೊಳಗೆ ಏನೋ ಕಹಿಯಾಯಿತು.

ಊಟ ಮುಗಿಸಿ ಅವರು ಹತ್ತಿರವೇ ಇದ್ದ ನಮ್ಮ ಮನೆಗೆ ಹೋಗಿ ಚಾವಡಿಯಲ್ಲಿ ಒರಗಿದರು. "ಹೇಳಿ ಕಳ್ಸಿರೆ ಏಳ್ಸ್, ಆಯ್ತಾ" ಎಂದರು.

ಸ್ವಲ್ಪ ಹೊತ್ತಿನಲ್ಲಿ ರಾಘು ಚಪ್ಪರಕ್ಕೆ ಓಡಿ ಬಂದ. ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು. ನನ್ನ ಕಿವಿಯ ಹತ್ತಿರ ಹೇಳಿದ — ಅವನ ಸ್ವರ ಹೋಗಿತ್ತು, ಬರೀ ಗಾಳಿ ಬರುತ್ತಿತ್ತು — "ಅಕ್ಕಾ, ಭಾವಂಗ್ ಬಪ್ಪುಕೆ ಹೇಳ್. ಮಕ್ಳಿಗ್ ಆತ್ತಿಲ್ಲೆ. ಈಗ್ಳೇ ಹೋಗ್."

"ಹೋತೆ" ಎಂದೆ. ಅವನು ನಂಬಿ ಓಡಿದ. ನಾನು ಹೋಗಲಿಲ್ಲ.

ಪಾಯಸದ ಸೌಟು ಕೈಯಲ್ಲಿತ್ತು. ಇನ್ನೊಂದು ಪಂಕ್ತಿ ಬಡಿಸಿದೆ. ಸ್ವಲ್ಪ ಬಳಲಲಿ ಅಂದುಕೊಂಡೆ... ಹಳಬರ ಬೆಲೆ ಗೊತ್ತಾಗಲಿ ಅಂದುಕೊಂಡೆ... ಭಜನೆ ತುಂಡಾಗಲಿ ಎಂದು ಬಯಸಲಿಲ್ಲ. ಆದರೆ ಮೈಕಿನಲ್ಲಿ ದನಿ ಒಂದೊಂದಾಗಿ ಕಡಿಮೆಯಾಗುತ್ತಿರುವುದು ಕೇಳುತ್ತಿತ್ತು, ಕೇಳುತ್ತಲೇ ಬಡಿಸಿದೆ.

ಒಂದು ಹಾಡು ಮುಗಿಯಿತು. ಮುಂದಿನದನ್ನು ಇನ್ನೊಬ್ಬ ಎತ್ತುತ್ತಾನೆಂದು ಪ್ರತಿಯೊಬ್ಬನೂ ಕಾದಿರಬೇಕು. ಯಾರೂ ಎತ್ತಲಿಲ್ಲ. ಮೈಕಿನಿಂದ ಯಾರೋ ಕೆಮ್ಮಿದ್ದು ಕೇಳಿತು. ಆಮೇಲೆ ಕಡಲಿನ ಶಬ್ದ ಮಾತ್ರ.

ಜನ ಅರ್ಧ ಊಟದಲ್ಲಿ ಎದ್ದರು. ನಮ್ಮನೆಯವರು ಅಂಗಿಯಿಲ್ಲದೆ ಓಡಿ ಬಂದು ಬಾಗಿಲಲ್ಲೇ ಹಾಡು ಎತ್ತಿದರು. ಆದರೆ ಆಗಬಾರದ್ದು ಆಗಿಹೋಗಿತ್ತು. ಸಂಜೆ ಮಂಗಳಾರತಿಯಾದ ಮೇಲೆ ಗುರಿಕಾರರು ಎಲ್ಲರನ್ನೂ ನಿಲ್ಲಿಸಿ ರಾಘುವನ್ನು ಕೇಳಿದರು. "ಹೇಳಿ ಕಳ್ಸುಕೆ ಎಂತ ಆಯಿತ್ತ್ ನಿಮ್ಗೆ? ಅಷ್ಟ್ ಅಹಂಕಾರವಾ?"

"ನಾನೇ ಹೋಯಿ ಅಕ್ಕನ್ ಹತ್ರ ಹೇಳ್ದೆ" ಎಂದ ರಾಘು.

ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮನೆಯವರೂ ತಿರುಗಿದರು.

"ನಂಗ್ ಯಾರೂ ಹೇಳ್ಲಿಲ್ಲ" ಎಂದೆ.

ಅವನು ಹಠ ಮಾಡಿದ್ದರೆ — ಒಂದು ಮಾತು ಜೋರಾಗಿ ಆಡಿದ್ದರೆ — ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ, ಗೊತ್ತಿಲ್ಲ. ಅವನು ನನ್ನನ್ನೇ ನೋಡಿದ. ನಾನು ಹೆದರಿದ್ದು ಅವನಿಗೆ ಕಂಡಿರಬೇಕು. ತಲೆ ತಗ್ಗಿಸಿದ. "ಹ್ಞಾ... ನಾ ಮರ್ತಿರ್ಕ್. ಹೇಳ್ಲಿಲ್ಲ. ತಪ್ಪ್ ನಂದೇ."

ಆಗ ಸತೀಶ ಕೇಳಿದ, ಅಳು ತಡೆದುಕೊಂಡು: "ರಾಘಣ್ಣ, ಹೇಳ್ ಬಂದೆ ಅಂದಿದ್ಯಲೆ ನಮ್ಗೆ? ಈಗ ಬತ್ರ್, ಈಗ ಬತ್ರ್ ಅಂದ್ಕಂಡೇ ಹಾಡದ್ದಲ್ದಾ ನಾವ್?"

ಹುಡುಗರು ಒಬ್ಬೊಬ್ಬರಾಗಿ ತಾಳ ಕೆಳಗಿಟ್ಟು ಹೊರಗೆ ಹೋದರು. ತಮ್ಮನ್ನು ನಂಬಿಸಿ ನಿಲ್ಲಿಸಿದವನು ಸುಳ್ಳುಗಾರ ಎಂದುಕೊಂಡು ಹೋದರು.

ರಾಘು ತಪ್ಪುಕಾಣಿಕೆ ಹಾಕಿದ. ಗೋವೆಯ ದೋಣಿಗೆ ಸೇರಿದ. ಮಳೆಗಾಲದಲ್ಲಿ ಬಂದಾಗ ನಮ್ಮ ಮನೆಯಲ್ಲಿ ಉಂಡು, ಭಾವನ ಜೊತೆ ನಕ್ಕು ಮಾತಾಡಿ ಹೋಗುತ್ತಿದ್ದ. ಮಂದಿರದ ಕಡೆ ಹೋಗಲಿಲ್ಲ. ನಮ್ಮನೆಯವರು ತೀರಿಹೋದರು. ಅವರಿಗೂ ನಾನು ಹೇಳಲಿಲ್ಲ. ಹೇಳಲು ಎಷ್ಟೋ ವರ್ಷ ಸಮಯವಿತ್ತು.

ಈಗ ಶನಿವಾರ ನಾವು ಮುದುಕರು ನಾಲ್ಕೈದು ಜನ ಕೂರುತ್ತೇವೆ. "ಈಗಿನ ಮಕ್ಳಿಗ್ ಭಕ್ತಿ ಇಲ್ಲೆ, ಟಿವಿ ಸಾಕ್, ಮೊಬೈಲ್ ಸಾಕ್" ಎಂದು ಪ್ರತಿ ವಾರ ಒಬ್ಬರು ಹೇಳುತ್ತಾರೆ. ನಾನು ಹೌದೆಂದು ತಲೆ ಆಡಿಸುತ್ತಾ ಬಂದಿದ್ದೇನೆ.

ಹೋದ ತಿಂಗಳು ಬ್ರಹ್ಮಾವರಕ್ಕೆ ಬಸ್ಸು ಹತ್ತಿ ರಾಘುವಿನ ಮನೆಗೆ ಹೋದೆ. ಅವನು ಈಗ ಅಲ್ಲೇ ಇದ್ದಾನೆ. ಬಾಯಿ ಬಿಟ್ಟು ಹೇಳಿ ಅತ್ತುಬಿಟ್ಟೆ.

"ನಂಗ್ ಹೇಳಿ ಎಂತ ಆತ್ತ್ ಅಕ್ಕ? ನಂಗ್ ಗೊತ್ತಿಪ್ದೇ ಅಲ್ದಾ" ಎಂದ. "ಸತೀಶಂಗ್ ಹೇಳ್."

ಸತೀಶ ಕುಂದಾಪುರದಲ್ಲಿ ರಿಕ್ಷಾ ಓಡಿಸುತ್ತಾನೆ. ಅವನ ಮಗನೂ ಈಗ ಹಾಡುವ ವಯಸ್ಸಿನವನು. ಇದು ಪುಸ್ತಕದಲ್ಲಿ ಬರುವ ಮೊದಲು ನಾನು ಅವನ ಮನೆಗೆ ಹೋಗಬೇಕು, ಅಂದು ಹಾಡಿದ ಉಳಿದ ಹುಡುಗರ ಮನೆಗೂ. ಬಾಗಿಲು ಹಾಕಿದರೆ ಹೊರಗೆ ನಿಂತೇ ಹೇಳುತ್ತೇನೆ.

ಮಂದಿರದವರಲ್ಲಿ ಒಂದು ಮಾತು. ಮಕ್ಕಳು ಯಾಕೆ ಬರುವುದಿಲ್ಲ ಎಂದು ಇನ್ನು ಮುಂದೆ ಯಾರಾದರೂ ಕೇಳಿದರೆ ಟಿವಿಯ ಹೆಸರು ಹೇಳಬೇಡಿ, ಮೊಬೈಲಿನ ಹೆಸರು ಹೇಳಬೇಡಿ. ನನ್ನ ಹೆಸರು ಹೇಳಿ.